ನಿಮಗಿದು ಗೊತ್ತೇ? ಸೇನೆ ಬಿಟ್ಟು ಓಡಿದವರ ಬೆನ್ನು ಬಿಡದ ಕಾನೂನು

'ಉತ್ತರನ ಪೌರುಷ ಒಲೆಯ ಮುಂದೆ' ಎಂದು ನಗುತ್ತೇವಲ್ಲ, ಆ ಉತ್ತರಕುಮಾರ ಇಂದಿನ ಭಾರತೀಯ ಸೇನೆಯಲ್ಲಿದ್ದಿದ್ದರೆ ಅವನ ಗತಿ ಏನಾಗುತ್ತಿತ್ತು? ಕೌರವರ ಸೈನ್ಯ ಕಂಡದ್ದೇ ತಡ, ಆತ ರಥದಿಂದ ಧುಮುಕಿ ಓಡಿದ. ಬೃಹನ್ನಳೆ ಬೆನ್ನಟ್ಟಿ ಹಿಡಿದು ತಂದಳು. ಓಟವೇನೋ ಪೂರ್ತಿಯಾಗಲಿಲ್ಲ. ಆದರೆ 1950ರ ಸೇನಾ ಕಾಯ್ದೆಯ 38ನೇ ಕಲಮಿನ ಮುಂದೆ ಓಡಿಹೋದವನೂ ಒಂದೇ, ಓಡಲು ಯತ್ನಿಸಿದವನೂ ಒಂದೇ. ರಣರಂಗದಲ್ಲಿ ಹಾಗೆ ಮಾಡಿದರೆ ಗರಿಷ್ಠ ಶಿಕ್ಷೆ ಮರಣದಂಡನೆ.

ಅದೇ ತಪ್ಪನ್ನು ಶಾಂತಿಕಾಲದಲ್ಲಿ ಮಾಡಿದರೆ ಗರಿಷ್ಠ 7 ವರ್ಷ ಸಜೆ. ನೇಣಿಗೂ ಏಳು ವರ್ಷಕ್ಕೂ ನಡುವೆ ನಿಂತಿರುವುದು 'ಸಕ್ರಿಯ ಸೇವೆ' ಎಂಬ ಎರಡು ಪದ. ಇದಕ್ಕೆ ಗುಂಡು ಹಾರುತ್ತಲೇ ಇರಬೇಕೆಂದಿಲ್ಲ. ಸಕ್ರಿಯ ಸೇವೆಗೆ ಹೊರಡುವಂತೆ ಆದೇಶ ಕೈಗೆ ಬಂದಿದ್ದರೂ ಸಾಕು. ಯಾವ ಪ್ರದೇಶದಲ್ಲಿರುವ ಸೈನಿಕರನ್ನು ಸಕ್ರಿಯ ಸೇವೆಯಲ್ಲಿರುವವರೆಂದು ಪರಿಗಣಿಸಬೇಕು ಎಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿಯೂ ಸಾರಬಹುದು.

ಇಷ್ಟು ಘೋರ ಶಿಕ್ಷೆಯಿರುವ ಈ ಅಪರಾಧಕ್ಕೆ ಸೇನಾ ಕಾಯ್ದೆಯಲ್ಲಿ ವ್ಯಾಖ್ಯೆಯೇ ಇಲ್ಲ. 38ನೇ ಕಲಮು ಪಲಾಯನದ್ದು, ಅದರ ಪಕ್ಕದ 39ನೇ ಕಲಮು ರಜೆಯಿಲ್ಲದ ಗೈರುಹಾಜರಿಯದ್ದು. ರಜೆ ಮುಗಿದರೂ ಊರಲ್ಲೇ ಉಳಿದವನು ಸಾಮಾನ್ಯವಾಗಿ ಎರಡನೆಯದಕ್ಕೆ ಸಿಕ್ಕುತ್ತಾನೆ, ಅದರ ಗರಿಷ್ಠ ಶಿಕ್ಷೆ 3 ವರ್ಷ. ಎಷ್ಟು ದಿನ ತಪ್ಪಿಸಿಕೊಂಡ ಎಂಬುದರಿಂದ ಇವೆರಡರ ಅಂತರ ತೀರ್ಮಾನವಾಗುವುದಿಲ್ಲ, ಮರಳಿ ಬರುವ ಮನಸ್ಸಿತ್ತೇ ಎಂಬುದರಿಂದ ಆಗುತ್ತದೆ. ಎಲ್ಲ ಗೈರುಹಾಜರಿಯೂ ಪಲಾಯನವಲ್ಲ ಎಂಬ ಈ ಭೇದವನ್ನು ಸುಪ್ರೀಂ ಕೋರ್ಟ್ 1986ರಲ್ಲಿ ಒಬ್ಬ ಕ್ಯಾಪ್ಟನ್‌ನ ಪ್ರಕರಣದಲ್ಲಿ ಎತ್ತಿಹಿಡಿಯಿತು. ಮುಂದೆ ಓದುವ ಕತೆಗಳಲ್ಲೆಲ್ಲ, ಅವು ಯಾವ ದೇಶದವೇ ಆಗಿರಲಿ, ಈ ಗೆರೆ ಎಲ್ಲಿದೆ ಎಂದು ಹುಡುಕುತ್ತಾ ಹೋಗಿ.

ಮನಸ್ಸನ್ನು ಅಳೆಯುವುದು ಕಷ್ಟ, ದಿನ ಎಣಿಸುವುದು ಸುಲಭ. ಹಾಗಾಗಿ ಕಾಯ್ದೆಯ 106ನೇ ಕಲಮು 30 ದಿನಗಳ ಲೆಕ್ಕ ಇಟ್ಟುಕೊಂಡಿದೆ. ಸೈನಿಕ ಅಷ್ಟು ದಿನ ಪತ್ತೆಯಿಲ್ಲದಿದ್ದರೆ ಯೂನಿಟ್‌ನಲ್ಲಿ ವಿಚಾರಣಾ ಮಂಡಳಿ ಕೂರುತ್ತದೆ. ಅವನ ವಶದಲ್ಲಿದ್ದ ಸರ್ಕಾರಿ ಸಾಮಗ್ರಿಯಲ್ಲಿ ಏನೇನು ಕಡಿಮೆಯಾಗಿದೆ ಎಂಬುದನ್ನೂ ಬರೆದುಕೊಳ್ಳುತ್ತದೆ. ಆಮೇಲೂ ಅವನು ಬಾರದಿದ್ದರೆ, ಸಿಕ್ಕದಿದ್ದರೆ, 'ಓಡಿಹೋದವನೆಂದು ಭಾವಿಸಲಾಗಿದೆ.'

ಈ 'ಭಾವನೆ' ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಕಾರ್ಗಿಲ್ ಯುದ್ಧದ ಸಾಕ್ಷಿಯಿದೆ. 1999ರಲ್ಲಿ ಗಡಿಯಲ್ಲಿ ಕಣ್ಮರೆಯಾದ ಎಂಜಿನಿಯರ್ ದಳದ ಯೋಧನೊಬ್ಬನನ್ನು ಸೇನೆ ಓಡಿಹೋದವನೆಂದು ದಾಖಲಿಸಿತ್ತು. ಆತ ಇದ್ದದ್ದು ಪಾಕಿಸ್ತಾನದ ಸೆರೆಮನೆಯಲ್ಲಿ. 2004ರಲ್ಲಿ ಬಿಡುಗಡೆಯಾಗಿ ಊರಿಗೆ ಬಂದಾಗ, ಅವನು ಸತ್ತನೆಂದೇ ತಿಳಿದಿದ್ದ ಮನೆಯವರು ಅವನ ಹೆಂಡತಿಗೆ ಮರುಮದುವೆ ಮಾಡಿಸಿದ್ದರು, ಆಕೆ ಗರ್ಭಿಣಿ. ಆಕೆ ಯಾರ ಜೊತೆ ಇರಬೇಕೆಂಬ ಪಂಚಾಯಿತಿ ಟಿವಿ ಕ್ಯಾಮೆರಾಗಳ ಮುಂದೆ ನಡೆಯಿತು. ಸೇನೆ ಆತನನ್ನು ಮತ್ತೆ ಸೇವೆಗೆ ತೆಗೆದುಕೊಂಡಿತು, ಸರಿ. ಆದರೆ ಆ ನಡುವಿನ ವರ್ಷಗಳ ಹಳ್ಳಿಯ ಮಾತಿಗೆ ಯಾವ ಕಾಯ್ದೆಯಲ್ಲಿ ಪರಿಹಾರವಿದೆ?

ಓಡಿಹೋದವನನ್ನು ಹಿಡಿಯಲು ಪೊಲೀಸರಿಗೆ ವಾರಂಟ್ ಬೇಕಿಲ್ಲ. ಯೂನಿಟ್‌ನಿಂದ ಅವನ ಸ್ವಂತ ಜಿಲ್ಲೆಯ ಎಸ್ಪಿ ಕಚೇರಿಗೆ 'ಅಪ್ರಿಹೆನ್ಷನ್ ರೋಲ್' ಎಂಬ ಕಾಗದ ಬರುತ್ತದೆ. ಬೆಳಗಾವಿ, ವಿಜಯಪುರ, ಕೊಡಗಿನಂಥ ಸೈನಿಕರ ಊರುಗಳ ಠಾಣೆಗಳಲ್ಲಿ ಈ ಹೆಸರು ಹೊಸದೇನಲ್ಲ.

ಸರಿ, ಅವನಿಗೆ ಮನೆಯಲ್ಲಿ ಜಾಗ ಕೊಟ್ಟವರಿಗೆ? ಗೊತ್ತಿದ್ದೂ ಆಶ್ರಯ ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 164ನೇ ಕಲಮಿನಂತೆ 2 ವರ್ಷದವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಒಬ್ಬರಿಗೆ ಮಾತ್ರ ವಿನಾಯಿತಿ. 1860ರ ದಂಡ ಸಂಹಿತೆಯಲ್ಲಿ ಅದು ಗಂಡನಿಗೆ ಆಶ್ರಯ ಕೊಟ್ಟ ಹೆಂಡತಿಗಷ್ಟೇ ಇತ್ತು. ಈಗ ಹೆಂಗಸರೂ ಸಮವಸ್ತ್ರ ತೊಟ್ಟಿದ್ದಾರೆ, ಹೊಸ ಸಂಹಿತೆ ಹೆಂಡತಿಗೆ ಆಶ್ರಯ ಕೊಟ್ಟ ಗಂಡನನ್ನೂ ಕ್ಷಮಿಸುತ್ತದೆ. ಆದರೆ ಗಮನಿಸಿ: ತಾಯಿಗೆ ವಿನಾಯಿತಿ ಇಲ್ಲ. ನಡುರಾತ್ರಿ ಬಾಗಿಲು ತಟ್ಟಿದ ಮಗನಿಗೆ ಅನ್ನ ಬಡಿಸಿ ಮಲಗಿಸಿದವಳು ಕಾನೂನಿನ ಕಣ್ಣಿಗೆ ತಪ್ಪಿತಸ್ಥೆ. ಇದನ್ನು ಬರೆದವರು ಮನುಷ್ಯರ ಮನೆ ಕಂಡವರೇ ಎಂದು ನನಗೆ ಅನುಮಾನ.

ಬಚ್ಚಿಟ್ಟವನು ಸ್ವತಃ ಸೈನಿಕನಾಗಿದ್ದರೆ ಸಜೆ 7 ವರ್ಷದವರೆಗೆ ಹೋಗುತ್ತದೆ. ಜೊತೆಯವನು ಓಡುವುದು ಗೊತ್ತಿದ್ದೂ ಮೇಲಧಿಕಾರಿಗೆ ತಕ್ಷಣ ತಿಳಿಸದೆ ಸುಮ್ಮನಿದ್ದರೆ 2 ವರ್ಷ.

ವ್ಯಾಪಾರಿ ಹಡಗಿನಲ್ಲಿ ಓಡಿಹೋದ ಸೈನಿಕ ಅವಿತಿದ್ದರೆ ಹಡಗಿನ ಕ್ಯಾಪ್ಟನ್‌ಗೂ ದಂಡವಿದೆ, ತನಗೆ ಅದು ಗೊತ್ತೇ ಇರಲಿಲ್ಲ ಎಂದರೂ! ತಪಾಸಣೆಯಲ್ಲಿ ಉದಾಸೀನ ಮಾಡಿದ್ದೇ ತಪ್ಪು. 1860ರಲ್ಲಿ 500 ರೂಪಾಯಿ ಇದ್ದ ದಂಡ ಹೊಸ ಸಂಹಿತೆಯಲ್ಲಿ 3,000 ರೂಪಾಯಿ. ನೂರಾ ಅರವತ್ತು ವರ್ಷದ ಬೆಲೆಯೇರಿಕೆ ಈ ಕಲಮನ್ನು ಹೆಚ್ಚೇನೂ ತಟ್ಟಲಿಲ್ಲ!

ನೌಕಾಪಡೆಯ ಕಾಯ್ದೆ (1957) ಇನ್ನೂ ಸ್ವಾರಸ್ಯ. ಓಡಿದ ನಾವಿಕ ಸಂಬಳ, ಪಿಂಚಣಿ, ಪದಕಗಳನ್ನು ಕಳೆದುಕೊಳ್ಳುವುದರ ಜೊತೆಗೆ ಹಡಗಿನಲ್ಲಿ ಬಿಟ್ಟುಹೋದ ಬಟ್ಟೆಬರೆಯ ಮೇಲಿನ ಹಕ್ಕನ್ನೂ ಕಳೆದುಕೊಳ್ಳುತ್ತಾನೆ, ಬೇರೆ ಆದೇಶವಾಗದ ಹೊರತು.

ಸೇನಾ ಕಾಯ್ದೆಯ ಅಪರಾಧಗಳಿಗೆ ಸಾಮಾನ್ಯವಾಗಿ 3 ವರ್ಷಗಳ ಕಾಲಮಿತಿಯಿದೆ, ಅದು ದಾಟಿದರೆ ವಿಚಾರಣೆ ಇಲ್ಲ. ಪಲಾಯನಕ್ಕೆ ಆ ರಿಯಾಯಿತಿ ಸಿಗದು, ಇಪ್ಪತ್ತು ವರ್ಷದ ನಂತರವೂ ಹಿಡಿದು ಕೂರಿಸಬಹುದು. ಆದರೆ ಒಂದು ಕಿಂಡಿ ಇದೆ. ಶಾಂತಿಕಾಲದಲ್ಲಿ ಓಡಿದ ಜವಾನ ಮರಳಿ ಬಂದು 3 ವರ್ಷ ಸತತವಾಗಿ ಮಾದರಿ ಸೇವೆ ಸಲ್ಲಿಸಿದ್ದರೆ ಹಳೆಯ ತಪ್ಪಿಗೆ ಅವನನ್ನು ವಿಚಾರಣೆಗೆ ಎಳೆಯುವಂತಿಲ್ಲ. ಅಧಿಕಾರಿಗಳಿಗೆ ಈ ಕಿಂಡಿ ಮುಚ್ಚಿದೆ.

ಸೇನಾ ನ್ಯಾಯಾಲಯ ಮರಣದಂಡನೆ ಕೊಡಬೇಕಾದರೆ ಸದಸ್ಯರಲ್ಲಿ ಮೂರನೇ ಎರಡರಷ್ಟು ಮಂದಿ ಒಪ್ಪಲೇಬೇಕು. ಕೊಟ್ಟ ಮೇಲೂ ಮೇಲಿನವರು ದೃಢೀಕರಿಸುವ ತನಕ ತೀರ್ಪಿಗೆ ಜೀವವಿಲ್ಲ. ನೇಣೋ ಗುಂಡೋ ಎಂಬುದನ್ನೂ ನ್ಯಾಯಾಲಯವೇ ನಿರ್ಧರಿಸುತ್ತದೆ. ಕ್ಷಮಾದಾನ ಕೇಳಿ ರಾಷ್ಟ್ರಪತಿಯ ಬಾಗಿಲಿಗೂ ಹೋಗಬಹುದು. ಸೇನಾ ನ್ಯಾಯಾಲಯದ ಶಿಕ್ಷೆಯ ವಿಷಯದಲ್ಲಿ ರಾಜ್ಯಪಾಲರಿಗೆ ಅಧಿಕಾರವಿಲ್ಲ.

ಒಂದೇ ತಾಯಿಯ ಮಕ್ಕಳು, ಒಬ್ಬನಿಗೆ ವಿಕ್ಟೋರಿಯಾ ಕ್ರಾಸ್, ಇನ್ನೊಬ್ಬನ ಮೇಲೆ ಪಲಾಯನದ ಕಳಂಕ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಭಾರತೀಯ ಸೇನೆಯ ಜಮಾದಾರ ಮೀರ್ ಮಸ್ತ್ 1915ರ ಮಾರ್ಚ್‌ನಲ್ಲಿ ಫ್ರಾನ್ಸಿನ ಕಂದಕ ಬಿಟ್ಟು ಕೆಲವು ಸಂಗಡಿಗರೊಂದಿಗೆ ಜರ್ಮನರ ಕಡೆ ಸೇರಿಕೊಂಡ. ಮರುತಿಂಗಳೇ ಅವನ ತಮ್ಮನೋ ಅಣ್ಣನೋ ಆದ ಮೀರ್ ದಸ್ತ್, ಈಪ್ರ್ ಕಾಳಗದಲ್ಲಿ ವಿಷಾನಿಲದ ನಡುವೆಯೂ ಗಾಯಗೊಂಡ ಅಧಿಕಾರಿಗಳನ್ನು ಹೊತ್ತು ತಂದು ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕ ಗಳಿಸಿದ.

ಆಜಾದ್ ಹಿಂದ್ ಫೌಜ್ ಸೇರಿದವರ ಮೇಲೆ ಬ್ರಿಟಿಷರು ಹೊರಿಸಿದ ಮುಖ್ಯ ಆರೋಪ ಪಲಾಯನವೇ? ಅಲ್ಲ. 1945ರ ಕೆಂಪುಕೋಟೆ ವಿಚಾರಣೆಯಲ್ಲಿ ಶಾ ನವಾಜ್ ಖಾನ್, ಪ್ರೇಮ್ ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಮೇಲಿದ್ದದ್ದು ದೊರೆಯ ವಿರುದ್ಧ ಯುದ್ಧ ಸಾರಿದ ಆರೋಪ. ತೀರ್ಪು ಜೀವಾವಧಿ ಗಡೀಪಾರು. ದೇಶವೇ ಬೀದಿಗಿಳಿದಿತ್ತು. 1946ರ ಜನವರಿ ಮೊದಲ ವಾರ ಮಹಾದಂಡನಾಯಕ ಆಕಿನ್‌ಲೆಕ್ ಗಡೀಪಾರನ್ನು ಮನ್ನಾ ಮಾಡಿದ. ಆದರೆ ಸೇವೆಯಿಂದ ವಜಾ, ಬಾಕಿ ಸಂಬಳದ ಮುಟ್ಟುಗೋಲು, ಇವೆರಡನ್ನು ಹಾಗೇ ಉಳಿಸಿದ. ಅಷ್ಟು ಒತ್ತಡದ ನಡುವೆಯೂ ಸೈನ್ಯ ಬಿಟ್ಟುಕೊಡದ ಗೆರೆ ಅದು. ಸ್ವತಂತ್ರ ಭಾರತವೂ ಆ ಯೋಧರನ್ನು ಸೇನೆಗೆ ಮರಳಿ ತೆಗೆದುಕೊಳ್ಳಲಿಲ್ಲ. ಸ್ವಾತಂತ್ರ್ಯ ಯೋಧರ ಪಿಂಚಣಿ ಬಂದದ್ದು 1972ರಲ್ಲಿ.

ಬ್ರಿಟಿಷ್ ಸೇನೆಯಲ್ಲಿ ಓಡಿಹೋದವನ ಎಡಗಂಕುಳ ಕೆಳಗೆ 'ಡಿ' ಅಕ್ಷರ ಚುಚ್ಚುತ್ತಿದ್ದರು, ಇನ್ನೊಂದು ರೆಜಿಮೆಂಟಿಗೆ ಹೋಗಿ ಮತ್ತೆ ಭರ್ತಿಯಾಗದಿರಲಿ ಎಂದು. ಈ ಪದ್ಧತಿ ನಿಂತದ್ದು 1871ರಲ್ಲಿ.

ಅದೇ 'ಡಿ' ಅಮೆರಿಕದ ಸೇನೆಯಲ್ಲಿ ಕೆನ್ನೆಗೇ ಬಿತ್ತು. 1846ರಿಂದ 1848ರವರೆಗೆ ನಡೆದ ಮೆಕ್ಸಿಕೊ ಯುದ್ಧದಲ್ಲಿ ಅಮೆರಿಕದ ಸೇನೆ ಬಿಟ್ಟ ಐರಿಷ್ ಕ್ಯಾಥೊಲಿಕ್ಕರು ಮೆಕ್ಸಿಕೊ ಪರವಾಗಿ ಸೇಂಟ್ ಪ್ಯಾಟ್ರಿಕ್ ದಳ ಕಟ್ಟಿ ಹೋರಾಡಿದರು. ಸೆರೆಸಿಕ್ಕವರಲ್ಲಿ 50 ಮಂದಿಯನ್ನು 1847ರಲ್ಲಿ ಗಲ್ಲಿಗೇರಿಸಲಾಯಿತು. ಆದರೆ ದಳದ ನಾಯಕ ಜಾನ್ ರೈಲಿ ಪ್ರಾಣ ಉಳಿಸಿಕೊಂಡ. ಕಾರಣ ಕೇಳಿ: ಅವನು ಓಡಿದ್ದು ಯುದ್ಧ ಘೋಷಣೆಗೆ ಮೊದಲು, ಅಂದರೆ ಶಾಂತಿಕಾಲದಲ್ಲಿ! ಐವತ್ತು ಛಡಿಯೇಟು, ಕೆನ್ನೆಗೆ ಬರೆ ಬಿತ್ತು, ನೇಣು ತಪ್ಪಿತು. ಮೆಕ್ಸಿಕೊದಲ್ಲಿ ಇಂದಿಗೂ ಆ ದಳದವರು ವೀರರು.

'ಕಾಲಿನ ಕೇಸು' ಎಂದರೆ ಏನು? ಅಬ್ರಹಾಂ ಲಿಂಕನ್ ಇಟ್ಟ ಹೆಸರು. ಅಂತರ್ಯುದ್ಧದಲ್ಲಿ ಹೆದರಿ ಓಡಿದ ಹುಡುಗರ ಮರಣದಂಡನೆಯ ಕಡತಗಳನ್ನು ಆತ ಹೀಗೆ ಕರೆಯುತ್ತಿದ್ದ. ದೇವರು ಅಂಜುಬುರುಕ ಕಾಲು ಕೊಟ್ಟರೆ ಆ ಹುಡುಗನಾದರೂ ಏನು ಮಾಡಿಯಾನು ಎಂಬುದು ಅವನ ವಾದ. 1865ರ ಮಾರ್ಚ್‌ನಲ್ಲಿ, 60 ದಿನದೊಳಗೆ ಮರಳುವವರಿಗೆ ಕ್ಷಮೆ ಎಂದು ಘೋಷಣೆಯನ್ನೇ ಹೊರಡಿಸಿದ.

ಮೊದಲ ಮಹಾಯುದ್ಧದಲ್ಲಿ ಪಲಾಯನ, ಹೇಡಿತನ ಮುಂತಾದ ತಪ್ಪಿಗೆ ತಮ್ಮದೇ ಪಡೆಯ ಗುಂಡಿಗೆ ಬಲಿಯಾದ 306 ಬ್ರಿಟಿಷ್ ಮತ್ತು ಕಾಮನ್‌ವೆಲ್ತ್ ಸೈನಿಕರಿಗೆ ಬ್ರಿಟನ್ 2006ರಲ್ಲಿ ಕ್ಷಮಾದಾನ ಕೊಟ್ಟಿತು. ತಂದೆ ಹ್ಯಾರಿ ಫಾರ್ 1916ರಲ್ಲಿ ಗುಂಡಿಗೆ ಬಲಿಯಾದಾಗ ಪುಟ್ಟ ಮಗುವಾಗಿದ್ದ ಮಗಳು ಗರ್ಟ್ರೂಡ್ ಹ್ಯಾರಿಸ್, ತೊಂಬತ್ತು ದಾಟಿದ ವಯಸ್ಸಿನಲ್ಲಿ ಈ ದಿನ ಕಂಡಳು. ಫಾರ್ ಶೆಲ್ ದಾಳಿಯ ಆಘಾತಕ್ಕೆ ಆಸ್ಪತ್ರೆ ಸೇರಿ ಬಂದಿದ್ದವನು. ಇಂದಾದರೆ ಅವನಿಗೆ ಮಾನಸಿಕ ಚಿಕಿತ್ಸೆ ಸಿಗುತ್ತಿತ್ತು. ಒಂದು ಸಣ್ಣ ಅಕ್ಷರದ ಷರತ್ತೂ ಇದೆ: ಕ್ಷಮಾದಾನದಿಂದ ಹಳೆಯ ತೀರ್ಪು ರದ್ದಾಗಿಲ್ಲ, ಶಿಕ್ಷೆಗೆ ಅವರು ಅರ್ಹರಾಗಿರಲಿಲ್ಲ ಎಂದಷ್ಟೇ ಒಪ್ಪಿಕೊಂಡಂತಾಯಿತು. ಸ್ಟ್ಯಾಫರ್ಡ್‌ಶೈರ್‌ನ ಆಲ್‌ರೂವಾಸ್‌ನಲ್ಲಿ ಇವರ ಸ್ಮಾರಕವಿದೆ. ಕಣ್ಣಿಗೆ ಪಟ್ಟಿ ಕಟ್ಟಿ ನಿಲ್ಲಿಸಿದ ಹುಡುಗನ ಪ್ರತಿಮೆ, ಹಿಂದೆ ಒಬ್ಬೊಬ್ಬರಿಗೆ ಒಂದೊಂದು ಮರದ ಗೂಟ. ಪ್ರತಿಮೆಗೆ ಮಾದರಿಯಾದವನು ಸತ್ತಾಗ ಹದಿನೇಳರ ಹರ್ಬರ್ಟ್ ಬರ್ಡನ್. ನಿಂತು ಮಡಿದವರಿಗೆ ವೀರಗಲ್ಲು ನೆಟ್ಟ ನಾಡಿನ ನಮಗೆ ಓಡಿದವರ ಸ್ಮಾರಕ ಒಗಟಿನಂತೆ ಕಾಣಬಹುದು.

ಅದೇ ಯುದ್ಧದಲ್ಲಿ ಆಸ್ಟ್ರೇಲಿಯಾದ ಒಬ್ಬ ಸೈನಿಕನನ್ನೂ ಪಲಾಯನಕ್ಕಾಗಿ ಕೊಲ್ಲಲಿಲ್ಲ. ಅಂಥ ಶಿಕ್ಷೆಗೆ ಗವರ್ನರ್ ಜನರಲ್ ಸಹಿ ಬೇಕೆಂದು ಆ ದೇಶದ 1903ರ ಕಾಯ್ದೆ ಹೇಳಿತ್ತು. ಬ್ರಿಟಿಷ್ ಜನರಲ್‌ಗಳು ಎಷ್ಟು ಒತ್ತಾಯಿಸಿದರೂ ಆಸ್ಟ್ರೇಲಿಯಾ ಬಗ್ಗಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ 21,000ಕ್ಕೂ ಹೆಚ್ಚು ಸೈನಿಕರು ಪಲಾಯನದ ತಪ್ಪಿತಸ್ಥರಾದರು, 49 ಮಂದಿಗೆ ಮರಣದಂಡನೆ ವಿಧಿಸಲಾಯಿತು. ಜಾರಿಯಾದದ್ದು ಒಂದೇ ಒಂದು. ಡೆಟ್ರಾಯಿಟ್‌ನ ಎಡ್ಡಿ ಸ್ಲೋವಿಕ್ ತಾನು ಓಡಿದ್ದನ್ನೂ, ಮತ್ತೆ ಮುಂಚೂಣಿಗೆ ಕಳಿಸಿದರೆ ಮತ್ತೆ ಓಡುವುದನ್ನೂ ತನ್ನ ಕೈಯಾರೆ ಬರೆದುಕೊಟ್ಟ. ಆ ಚೀಟಿ ಹರಿದುಹಾಕು, ಯೂನಿಟ್‌ಗೆ ಮರಳು, ಎಲ್ಲ ಮರೆಯುತ್ತೇವೆ ಎಂದು ಅಧಿಕಾರಿಗಳು ಮತ್ತೆಮತ್ತೆ ಹೇಳಿದರು. ಒಪ್ಪಲಿಲ್ಲ. ಹಿಂದೆ ಜೈಲು ಕಂಡಿದ್ದವನಿಗೆ ಜೈಲಿನ ಭಯವಿರಲಿಲ್ಲ, ಯುದ್ಧ ಮುಗಿದ ಮೇಲೆ ಹೇಗೂ ಬಿಡುತ್ತಾರೆ ಎಂಬ ಲೆಕ್ಕಾಚಾರ. ಆದರೆ ಪಡೆಗಳು ಕುಸಿಯುತ್ತಿದ್ದ 1944ರ ಡಿಸೆಂಬರ್‌ನಲ್ಲಿ ಕಡತ ದಂಡನಾಯಕ ಐಸೆನ್‌ಹೋವರ್ ಮೇಜಿಗೆ ಬಂತು. ಸಹಿ ಬಿತ್ತು. 1945ರ ಜನವರಿ 31ರಂದು ಫ್ರಾನ್ಸ್‌ನ ಒಂದು ಹಳ್ಳಿಯಲ್ಲಿ ಹನ್ನೆರಡು ಬಂದೂಕುಗಳ ಮುಂದೆ ನಿಂತ. ಅವನ ವಿಮೆಯ ಹಣ ಹೆಂಡತಿಗೆ ಸಿಗಲೇ ಇಲ್ಲ. ಅಸ್ಥಿ ಡೆಟ್ರಾಯಿಟ್‌ಗೆ ಬಂದದ್ದು 1987ರಲ್ಲಿ, ಆ ಹೊತ್ತಿಗೆ ಆಕೆಯೂ ಇರಲಿಲ್ಲ. ಉಳಿದ 48 ಮಂದಿಗಿಂತ ಇವನು ಹೆಚ್ಚು ತಪ್ಪು ಮಾಡಿದ್ದನೆಂದು ಯಾರೂ ತೋರಿಸಿಕೊಟ್ಟಿಲ್ಲ. ಬರೆದುಕೊಟ್ಟದ್ದೇ ಮುಳುವಾಯಿತು, 'ಮರಳುವ ಮನಸ್ಸಿಲ್ಲ' ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೇ?

ಒಂದು ದಿನವೂ ಪೂರ್ತಿ ಆಗದ ಪಲಾಯನಕ್ಕೆ ಪೌರತ್ವವೇ ಹೋದ ಕತೆ ಕೇಳಿದ್ದೀರಾ? 1944ರಲ್ಲಿ ಮೊರಾಕ್ಕೊದ ಕಾಸಾಬ್ಲಾಂಕಾದ ಸೇನಾ ಬಂಧನಶಿಬಿರದಿಂದ ಆಲ್ಬರ್ಟ್ ಟ್ರಾಪ್ ಎಂಬ ಅಮೆರಿಕದ ಜವಾನ ತಪ್ಪಿಸಿಕೊಂಡ. ಮರುದಿನ ತಾನಾಗಿಯೇ ಶಿಬಿರದ ದಿಕ್ಕಿಗೆ ನಡೆದು ಬರುವಾಗ ಸೇನಾ ವಾಹನ ಸಿಕ್ಕಿತು, ತಕರಾರಿಲ್ಲದೆ ಹತ್ತಿದ. 3 ವರ್ಷ ಕಠಿಣ ಸಜೆ, ಅವಮಾನದ ವಜಾ. 1952ರಲ್ಲಿ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದಾಗ ಬಂದ ಉತ್ತರ: ಯುದ್ಧಕಾಲದ ಪಲಾಯನದಿಂದ ನಿನ್ನ ಪೌರತ್ವ ಹೋಗಿದೆ. 1958ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಪೌರತ್ವ ಕಿತ್ತುಕೊಳ್ಳುವುದು ಕ್ರೂರ ಶಿಕ್ಷೆ, ಸಂವಿಧಾನ ಅದಕ್ಕೆ ಎಡೆಕೊಡದು ಎಂದಿತು. ಮರಣದಂಡನೆ ಕೊಡಬಹುದಾದ ತಪ್ಪಿಗೆ ಪೌರತ್ವ ಕಿತ್ತುಕೊಳ್ಳಬಾರದೇ ಎಂದು ಭಿನ್ನಮತದ ನ್ಯಾಯಮೂರ್ತಿಗಳು ಕೇಳಿದ್ದರು. ಪ್ರಶ್ನೆ ಚುರುಕಾಗಿದೆ, ಆದರೂ ನನ್ನ ಮತ ಬಹುಮತಕ್ಕೇ.

ಅತಿ ದೀರ್ಘ ಗೈರಿಗೆ ಅತಿ ಕಿರಿದಾದ ಸಜೆ? 1965ರ ಜನವರಿಯಲ್ಲಿ ಉತ್ತರ ಕೊರಿಯಾಕ್ಕೆ ದಾಟಿಹೋದ ಅಮೆರಿಕದ ಸಾರ್ಜೆಂಟ್ ಚಾರ್ಲ್ಸ್ ಜೆಂಕಿನ್ಸ್ 2004ರಲ್ಲಿ ಜಪಾನಿನಲ್ಲಿ ಶರಣಾದ. 30 ದಿನ ಸೆರೆ, ಸನ್ನಡತೆಗಾಗಿ 25ನೇ ದಿನಕ್ಕೆ ಬಿಡುಗಡೆ. ಆ ಮೂವತ್ತೊಂಬತ್ತು ವರ್ಷವೇ ಸೆರೆಯಾಗಿತ್ತಲ್ಲ!

2009ರಲ್ಲಿ ಅಫ್ಗಾನಿಸ್ತಾನದ ಠಾಣೆ ಬಿಟ್ಟು ಹೊರನಡೆದು 5 ವರ್ಷ ತಾಲಿಬಾನ್ ಸೆರೆಯಲ್ಲಿದ್ದ ಅಮೆರಿಕದ ಸೈನಿಕ ಬೋ ಬರ್ಗ್‌ಡಾಲ್‌ಗೆ 2017ರಲ್ಲಿ ಜೈಲೇ ಆಗಲಿಲ್ಲ. ಹುದ್ದೆ ಇಳಿಕೆ, 10,000 ಡಾಲರ್ ದಂಡ, ಅವಮಾನದ ವಜಾ. 2023ರಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಆ ತೀರ್ಪನ್ನೂ ರದ್ದು ಮಾಡಿದರು.

ವಿಯೆಟ್ನಾಂ ಯುದ್ಧಕ್ಕೆ ಕಡ್ಡಾಯ ಭರ್ತಿ ತಪ್ಪಿಸಿಕೊಂಡವರಿಗೆ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ 1977ರ ಜನವರಿ 21ರಂದು, ಅಧಿಕಾರ ವಹಿಸಿಕೊಂಡ ಮರುದಿನವೇ, ಕ್ಷಮೆ ಕೊಟ್ಟರು. ಭರ್ತಿಯಾಗಿ ಆಮೇಲೆ ಓಡಿದವರು ಆ ಪಟ್ಟಿಯಲ್ಲಿರಲಿಲ್ಲ. ಕೆನಡಾಕ್ಕೆ ಹೋಗುವ ಹಣವಿದ್ದವನು ಬಚಾವಾದ, ಇಲ್ಲದೆ ಸಮವಸ್ತ್ರ ತೊಟ್ಟು ಕಡೆಗೆ ಓಡಿದವನು ಸಿಕ್ಕಿಬಿದ್ದ ಎಂಬ ದೂರಿನಲ್ಲಿ ಹುರುಳಿಲ್ಲದಿಲ್ಲ.

ಹಿಟ್ಲರನ ಸೇನೆ ಬಿಟ್ಟವರನ್ನು ಹೇಡಿಗಳೆನ್ನಬೇಕೇ? ಜರ್ಮನಿಗೆ ಈ ಪ್ರಶ್ನೆ ಇತ್ಯರ್ಥ ಮಾಡಲು 2002 ಬೇಕಾಯಿತು. ಆ ವರ್ಷ ಸಂಸತ್ತು ಪಲಾಯನದ ಹಳೆಯ ತೀರ್ಪುಗಳನ್ನು ಒಟ್ಟಾಗಿ ರದ್ದುಮಾಡಿತು. ಅದಕ್ಕಾಗಿ ದಶಕಗಟ್ಟಲೆ ಹೋರಾಡಿದ ಲುಡ್ವಿಗ್ ಬೌಮನ್ ಸ್ವತಃ 1942ರಲ್ಲಿ ಗಲ್ಲುಶಿಕ್ಷೆಗೆ ಗುರಿಯಾದವನು. ಶಿಕ್ಷೆ 12 ವರ್ಷದ ಸಜೆಗೆ ಇಳಿದಿದ್ದರೂ ಅವನಿಗೆ ತಿಂಗಳುಗಟ್ಟಲೆ ತಿಳಿಸದೆ, ಪ್ರತಿ ಬೆಳಗ್ಗೆ ಇಂದೇ ಸಾವು ಎಂದುಕೊಳ್ಳುವಂತೆ ಇಟ್ಟಿದ್ದರು. ಬದುಕಿ ಬಂದ ಮೇಲೆ ನೆರೆಯವರಿಂದ ಕೇಳಿದ್ದು ದ್ರೋಹಿ ಎಂಬ ಬೈಗುಳ. ಅತ್ತ, ನಾವಿಕನೊಬ್ಬನಿಗೆ ಪಲಾಯನಕ್ಕಾಗಿ ಮರಣದಂಡನೆ ಕೇಳಿದ್ದ ನೌಕಾ ನ್ಯಾಯಾಧಿಕಾರಿ ಹಾನ್ಸ್ ಫಿಲ್ಬಿಂಗರ್ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಮುಖ್ಯಸ್ಥನಾಗಿದ್ದ. ಹಳೆಯ ಕಡತ ಹೊರಬಿದ್ದು 1978ರಲ್ಲಿ ಕುರ್ಚಿ ಬಿಡಬೇಕಾಯಿತು.

ರಷ್ಯಾ 2022ರ ಸೆಪ್ಟೆಂಬರ್‌ನಲ್ಲಿ ಕಾನೂನು ಬಿಗಿ ಮಾಡಿತು. ಸೇನಾ ಸಜ್ಜುಗೊಳಿಕೆಯ ಕಾಲದ ಪಲಾಯನಕ್ಕೆ 15 ವರ್ಷದವರೆಗೆ ಸಜೆ. ಒಪ್ಪಂದದ ಅವಧಿ ಮುಗಿದರೂ ಸೈನಿಕ ಹೊರಬರುವಂತಿಲ್ಲ. ಇದು ದೂರದ ಮಾತಲ್ಲ. ಸಹಾಯಕರ ಕೆಲಸ, ಒಳ್ಳೆಯ ಸಂಬಳ ಎಂಬ ಏಜೆಂಟರ ಮಾತು ನಂಬಿ ಹೋಗಿ ಯುದ್ಧರಂಗದಲ್ಲಿ ಸಿಲುಕಿದವರಲ್ಲಿ ಕಲಬುರಗಿ ಜಿಲ್ಲೆಯ ಯುವಕರೂ ಇದ್ದರು. ಭಾರತ ಸರ್ಕಾರ ಮಾತುಕತೆ ನಡೆಸಿದ ಮೇಲೆ, 2024ರ ಸೆಪ್ಟೆಂಬರ್‌ನಲ್ಲಿ ಅವರು ಊರು ಸೇರಿದರು. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಿದ ಮೇಲೆ 'ನಾನು ಹೊರಟೆ' ಎನ್ನುವವನೂ ಅಲ್ಲಿಯ ಕಾನೂನಿಗೆ ಅಪರಾಧಿಯೇ.

ಉಕ್ರೇನ್ 2024ರಲ್ಲಿ ಬೇರೆ ದಾರಿ ಹಿಡಿಯಿತು. ಮೊದಲ ಸಲ ಓಡಿದವನು ತಾನಾಗಿ ಮರಳಿದರೆ, ದಳಪತಿ ಒಪ್ಪಿದರೆ, ಮೊಕದ್ದಮೆಯಿಂದ ಬಿಡುಗಡೆ. ಸೈನಿಕರ ಕೊರತೆಯ ಮುಂದೆ ಕಾನೂನು ಮೆತ್ತಗಾಗುತ್ತದೆ.

ಮತ್ತೆ ನಮ್ಮಲ್ಲಿಗೆ ಬರೋಣ. ಜವಾನನ ದಾಖಲೆಯಲ್ಲಿ ಶಿಕ್ಷೆಯನ್ನು ಬರೆದಿಡುವ ಕೆಂಪು ಶಾಯಿಯ ನಮೂದು ನಾಲ್ಕಾದರೆ ಮನೆಗೆ ಕಳಿಸುವ ರೂಢಿ ಇದೆ. ರಜೆ ಮೀರಿದ್ದೇ ಇಂಥ ನಮೂದುಗಳಿಗೆ ಅನೇಕ ಸಲ ಕಾರಣ. ಬರೀ ನಾಲ್ಕಾಯಿತು ಎಂದು ಯಾಂತ್ರಿಕವಾಗಿ ಕಳಿಸುವಂತಿಲ್ಲ, ವಿಚಾರಣೆ ನಡೆಸಿ ಅವನ ಸೇವೆ, ಕಷ್ಟ ಎಲ್ಲ ನೋಡಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಗೈರಾದ ಪ್ರತಿ ದಿನದ ಸಂಬಳ ಕಡಿತವಾಗುತ್ತದೆ. ವಜಾ ಆದವನಿಗೆ ಸಾಮಾನ್ಯವಾಗಿ ಪಿಂಚಣಿಯೂ ಇಲ್ಲ.

ನಿಮ್ಮ ಮನೆಯಲ್ಲೋ ಕೇರಿಯಲ್ಲೋ ರಜೆ ಮುಗಿದರೂ ಹೊರಡದ ಸೈನಿಕನಿದ್ದರೆ, ಅಪ್ಪನ ಕಾಯಿಲೆಯೋ ಜಮೀನಿನ ವ್ಯಾಜ್ಯವೋ ಮನಸ್ಸಿನ ಕುಸಿತವೋ, ಕಾರಣ ಏನೇ ಇರಲಿ, ಮೂವತ್ತನೇ ದಿನದವರೆಗೆ ಕಾಯಬೇಡಿ. ರಜೆ ವಿಸ್ತರಣೆಗೆ ಯೂನಿಟ್‌ಗೆ ಬರೆಸಿ, ಆಸ್ಪತ್ರೆಯ ಕಾಗದ ಜೋಡಿಸಿ, ಹತ್ತಿರದ ಸೇನಾ ಠಾಣೆಗೆ ಕರೆದೊಯ್ದು ಹಾಜರುಪಡಿಸಿ. ತಾನಾಗಿ ಬಂದವನನ್ನೂ ಪೊಲೀಸರು ಹಿಡಿದು ತಂದವನನ್ನೂ ಸೇನಾ ನ್ಯಾಯಾಲಯ ಒಂದೇ ರೀತಿ ನೋಡುವುದಿಲ್ಲ.